ಹನ್ನೊಂದನೇ ಅಡಿಕೆ

ನಮ್ಮ ಬೀದಿಯಲ್ಲಿ ಯಾರ ಮನೆಯಿಂದ ಬೇಕಾದರೂ ನೀರು ಸೋರಬಹುದು. ಕೊನೇ ಮನೆಯವರ ಟ್ಯಾಂಕು ಎರಡು ವರ್ಷದಿಂದ ತುಂಬಿ ಹರಿಯುತ್ತಿದೆ. ಆ ನೀರು ಕುಡಿದು ಅವರ ಗೋಡೆಯ ಮೇಲೆ ಒಂದು ಅರಳಿ ಗಿಡ ಮೊಳಕಾಲುದ್ದ ಬೆಳೆದಿದೆ. ಯಾರೂ ತುಟಿಪಿಟಕ್ಕೆನ್ನುವುದಿಲ್ಲ. ಆದರೆ ನನ್ನ ಕಾರಿನ ಏಸಿ ಪೈಪಿನಿಂದ ನಾಲ್ಕು ಹನಿ ಬಿದ್ದರೆ ಸಾಕು, ಶಿವಮೊಗ್ಗದ ಇಡೀ ರಾಗಿಗುಡ್ಡವೇ ಕೊಚ್ಚಿಹೋಯಿತು ಅನ್ನುವ ಹಾಗೆ ಮಾತಾಡುತ್ತಾರೆ. ಜಲವಿವಾದ ಅಂದರೆ ಎರಡು ರಾಜ್ಯಗಳ ನಡುವೆ ಆಗುವಂಥದ್ದು ಅಂತ ನಾನು ತಿಳಿದಿದ್ದೆ. ಎರಡು ಗೇಟುಗಳ ನಡುವೆಯೂ ಆಗುತ್ತದೆ ಅಂತ ಕಾರು ಕೊಂಡ ಮೇಲೆ ಗೊತ್ತಾಯಿತು.

ನಾನು ಶಿವರಾಜ್. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಸೂಪರಿಂಟೆಂಡೆಂಟ್. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗಿ ಬಂದು, ಈ ಮಾರ್ಚಿನಲ್ಲಿ ಭದ್ರಾವತಿಯ ಮೆಕ್ಯಾನಿಕ್ ಮುರುಗೇಶಪ್ಪನ ಮೂಲಕ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ನಮ್ಮ ಅಪ್ಪ ಮನೆ ಕಟ್ಟಿಸುವಾಗ ಸ್ಕೂಟರಿನ ಅಳತೆಗೆ ಗೇಟು ಇಡಿಸಿದ್ದರು (ಮಗನ ಭವಿಷ್ಯದ ಮೇಲೆ ಅವರಿಗಿದ್ದ ನಂಬಿಕೆ ಅಷ್ಟು). ಹಾಗಾಗಿ ಕಾರು ರಸ್ತೆಯಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಹತ್ತು ನಿಮಿಷ ಮುಂಚೆ ಏಸಿ ಹಾಕಿ, ಒಳಗೆಲ್ಲ ಕಾಶ್ಮೀರವಾದ ಮೇಲೆ ನಾನು ಹೋಗಿ ಕೂರುವುದು. ಇಷ್ಟು ವರ್ಷ ಕಂಕುಳ ಬೆವರಿನ ನಡುವೆ ಓಡಾಡಿದವನಿಗೆ ಇಷ್ಟಾದರೂ ರಾಜಭೋಗ ಬೇಡವೇ?

ನಮ್ಮ ರಸ್ತೆ ಗುಡ್ಡದ ಇಳಿಜಾರು. ಕಾರಿನ ನೀರು ಆ ಇಳಿಜಾರು ಹಿಡಿದು ನೇರವಾಗಿ ಕೆಳಗಿನ ಮನೆಯ ಸೀತಾಲಕ್ಷ್ಮಿ ಮೇಡಂ ಗೇಟಿನ ಮುಂದೆ ಹಾಯುತ್ತದೆ. ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ದಿನಾ ಬೆಳಿಗ್ಗೆ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಹಾಕುತ್ತಾರೆ. ದಿನಾ ಒಂಬತ್ತು ಗಂಟೆಗೆ ನನ್ನ ಕಾರು ಅದರ ನಡುವೆ ಒಂದು ನದಿ ಬರೆಯುತ್ತದೆ.

"ಶಿವರಾಜ್, ನಿಮ್ಮ ಕಾರಿಗೆ ಎಷ್ಟು ವಯಸ್ಸು?" ಅಂತ ಒಂದು ದಿನ ಕೇಳಿದರು.

"ಎಂಟು ವರ್ಷ ಮೇಡಂ," ಅಂದೆ ಹೆಮ್ಮೆಯಿಂದ.

"ಎಂಟು ವರ್ಷದ ಮಕ್ಕಳು ನಮ್ಮ ಶಾಲೇಲಿ ಕೈ ಎತ್ತಿ, ಕೇಳಿ ಹೊರಗೆ ಹೋಗ್ತಿದ್ವು. ಇದಕ್ಕೆ ಯಾರೂ ಕಲಿಸಿಲ್ವಾ?"

ಬೀದಿಯೆಲ್ಲ ನಕ್ಕಿತು. ಟ್ಯಾಂಕಿನ ಮನೆಯವರು ಎಲ್ಲರಿಗಿಂತ ಜೋರಾಗಿ ನಕ್ಕರು.

ನನ್ನ ಹೆಂಡತಿ ರಶ್ಮಿ ಇದುವರೆಗೆ ಒಂದೇ ಒಂದು ತಪ್ಪು ಮಾತು ಆಡಿದವಳಲ್ಲ. ಇಂಥವಳ ಜೊತೆ ಸಂಸಾರ ಮಾಡುವ ಕಷ್ಟ ಮಾಡಿದವರಿಗೇ ಗೊತ್ತು. "ಅದು ಏಸಿ ನೀರು ಕಣ್ರೀ, ಬೀಳೋದು ಸಹಜ," ಅಂದಳು. "ಮೇಡಂ ಗೇಟು ದಾಟಿ ಎರಡು ಮಾರು ಕೆಳಗೆ ಗಾಡಿ ನಿಲ್ಸಿ. ಮುಗೀತು."

ಎಷ್ಟು ಸುಲಭ! ನನ್ನ ಕಾರು, ನನ್ನ ಮನೆ, ಆದರೆ ನಿಲ್ಲುವುದು ಮಾತ್ರ ಇನ್ಯಾರದೋ ಮನೆಯ ಮುಂದೆ. ಇಷ್ಟು ಅಗ್ಗದ ಪರಿಹಾರವನ್ನು ಮಾನವಂತ ಗಂಡಸು ಯಾವನೂ ಒಪ್ಪುವುದಿಲ್ಲ. ನಾನು ತಜ್ಞರ ಸಲಹೆ ಕೇಳಲು ಮುರುಗೇಶಪ್ಪನಿಗೆ ಫೋನ್ ಮಾಡಿದೆ.

"ನೀರ್ ಬೀಳ್ತಾ ಇದೆಯಾ ಸಾರ್? ಸಂತೋಷ ಪಡಿ ಸಾರ್," ಅಂದ. "ಬೀಳೋದು ನಿಂತ್ರೆ ಫೋನ್ ಮಾಡಿ, ಓಡ್ ಬರ್ತೀನಿ."

"ನಿಲ್ಲಿಸೋಕೆ ಏನಾದ್ರೂ ಮಾಡೋಕಾಗಲ್ವಾ?"

"ಏನ್ ಸಾರ್ ನೀವು! ಮೂಗು ಮುಚ್ಚಿದ್ರೆ ನೆಗಡಿ ಹೋಗುತ್ತಾ?"

ಕಲಿತವನ ಜೊತೆ ಮಾತಾಡಬಹುದು, ಇಂಥವರ ಜೊತೆ ಏನು ಮಾತಾಡುವುದು ಅಂತ ಫೋನ್ ಇಟ್ಟೆ.

ಈ ನಡುವೆ ನನ್ನ ತಮ್ಮ ಪ್ರಸನ್ನಕುಮಾರನಿಗೆ ಮೂವತ್ತನಾಲ್ಕನೇ ವಯಸ್ಸಿನಲ್ಲಿ ಕೊನೆಗೂ ಹುಡುಗಿ ಒಪ್ಪಿಗೆಯಾಯಿತು. ಸರಿಯಾಗಿ ಹೇಳಬೇಕೆಂದರೆ ಹುಡುಗಿಗೆ ಇವನು ಒಪ್ಪಿಗೆಯಾದ. ಅದಕ್ಕೆ ಮುಂಚೆ ಒಂಬತ್ತು ಮನೆಯ ಉಪ್ಪಿಟ್ಟು ತಿಂದು ಬಂದಿದ್ದೆವು. ಹುಡುಗಿ ಪ್ರಿಯದರ್ಶಿನಿ, ಭದ್ರಾವತಿಯ ನ್ಯೂ ಟೌನಿನಲ್ಲಿ ಮನೆ. ತಂದೆ ಕೊಟ್ರಬಸಪ್ಪನವರು ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೇ ತಿಂಗಳ ಒಂದು ಭಾನುವಾರ ಹನ್ನೊಂದೂವರೆಯೊಳಗೆ ಅವರ ಮನೆಯಲ್ಲಿ ಸಕ್ಕರೆ ಶಾಸ್ತ್ರ ಅಂತ ನಿಶ್ಚಯವಾಯಿತು. ಹುಡುಗನ ತಾಯಿ ಹುಡುಗಿಯ ಬಾಯಿಗೆ ಸಕ್ಕರೆ ಹಾಕಿ, ಸೀರೆ, ಕೊಬ್ಬರಿ, ಎಲೆ ಅಡಿಕೆಯಿಂದ ಉಡಿ ತುಂಬಿದರೆ ಸಂಬಂಧ ಗಟ್ಟಿಯಾದ ಹಾಗೆ.

ನಮ್ಮ ಅಮ್ಮ ವೀರಮ್ಮನ ಪ್ರಕಾರ ಅಡಿಕೆ ಇಡಿಯಾಗಿರಬೇಕು, ಗೋಟಡಿಕೆ, ಅದೂ ಲೆಕ್ಕಕ್ಕೆ ಸರಿಯಾಗಿ ಹನ್ನೊಂದು. ಸಮಸಂಖ್ಯೆ ಇಟ್ಟರೆ ಸಂಬಂಧ ಎರಡು ಪಾಲಾಗುತ್ತದೆ ಅಂತ ಅವರ ಅಜ್ಜಿ ಹೇಳಿದ್ದರಂತೆ. ಅಮ್ಮ ತವರಿಗೆ ಹೋಗಿ, ಒಂದು ಮೂಟೆ ಅಡಿಕೆಯ ಮುಂದೆ ಅರ್ಧ ದಿನ ಕೂತು, ಸೊಸೆ ಆರಿಸುವಾಗಲೂ ನೋಡಿರದಷ್ಟು ನೋಡಿ, ಹನ್ನೊಂದು ಅಡಿಕೆ ಆರಿಸಿ ತಂದರು.

ಶನಿವಾರ ಸಂಜೆ ಹಾಲ್‌ನಲ್ಲಿ ಶಾಸ್ತ್ರದ ತಟ್ಟೆ ಸಿದ್ಧವಾಗಿತ್ತು. ಆಗ ಸೀತಾಲಕ್ಷ್ಮಿ ಮೇಡಂ ಬಂದರು. "ನಾಳೆ ಒಳ್ಳೇ ಕೆಲಸಕ್ಕೆ ಹೊರಡ್ತಿದ್ದೀರಿ ವೀರಮ್ಮ. ನಿಮ್ಮ ಗೇಟಿಂದ ನಮ್ಮ ಗೇಟಿನವರೆಗೂ ದೊಡ್ಡ ರಂಗೋಲಿ ಹಾಕ್ತೀನಿ. ಕಮಲ, ನವಿಲು ಎಲ್ಲಾ." ಅಮ್ಮನ ಕಣ್ಣು ತುಂಬಿತು. ಮೇಡಂ ಕಾಫಿ ಕುಡಿದು ಏಳುವಾಗ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಒಂದು ಹನಿ ಬೀಳಬಾರದು ಶಿವರಾಜ್," ಅಂದು ಹೋದರು.

ಆ ಘಳಿಗೆಯಲ್ಲಿ ನನಗೆ ಜ್ಞಾನೋದಯವಾಯಿತು. ತಟ್ಟೆಯ ಅಂಚಿನಲ್ಲಿ ಎಲ್ಲಕ್ಕಿಂತ ಸಣ್ಣದೊಂದು ಗೋಟಡಿಕೆ ಕೂತಿತ್ತು. ನನ್ನ ಕಣ್ಣಿಗೆ ಅದು ಅಡಿಕೆಯಾಗಿ ಕಾಣಲಿಲ್ಲ, ಬಿರಡೆಯಾಗಿ ಕಂಡಿತು. ರಶ್ಮಿ ಅಡುಗೆಮನೆಯಲ್ಲಿದ್ದಳು, ಅಮ್ಮ ಪೂಜೆಗೆ ಕೂತಿದ್ದರು. ಊರು ತುಂಬ ಅಡಿಕೆ, ಮಂಡಿ ತುಂಬ ಅಡಿಕೆ, ಇಡೀ ಜಿಲ್ಲೆ ನಿಂತಿರುವುದೇ ಅಡಿಕೆಯ ಮೇಲೆ. ಅದರಲ್ಲಿ ಒಂದು ಹೋದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. (ಎಣಿಸುವ ಇಬ್ಬರು ನಮ್ಮ ಮನೆಯಲ್ಲೇ ಇದ್ದಾರೆ ಅನ್ನುವುದು ಮರೆತಿತ್ತು.) ಹೊರಗೆ ಹೋಗಿ, ಚರಂಡಿಯ ಕಡೆಯಿಂದ ಮಲಗಿ ಕೈ ಹಾಕಿ, ಆ ರಬ್ಬರ್ ಪೈಪಿನ ಬಾಯಿಗೆ ಅಡಿಕೆ ಒತ್ತಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅಡಿಕೆಯಂಥ ವಸ್ತುವನ್ನು ಜನ ಬರೀ ಜಗಿದು ಉಗಿಯುವುದಕ್ಕೆ ಬಳಸುತ್ತಾರಲ್ಲ ಅಂತ ಮರುಕವಾಯಿತು.

ಬೆಳಿಗ್ಗೆ ಎದ್ದರೆ ಬೀದಿ ತುಂಬ ಕಮಲ. ನವಿಲು ಗರಿ ಬಿಚ್ಚಿ ನಮ್ಮ ಗೇಟಿನ ಕಡೆಗೇ ನೋಡುತ್ತಿತ್ತು. ನಾನು ರೇಷ್ಮೆ ಶರ್ಟು, ಬಿಳಿ ಪಂಚೆಯಲ್ಲಿ ಹೋಗಿ ಏಸಿ ಹಾಕಿದೆ. ಐದು ನಿಮಿಷ, ಹತ್ತು ನಿಮಿಷ, ಹದಿನೈದು ನಿಮಿಷ. ಒಂದು ಹನಿ ಇಲ್ಲ. ಮೇಡಂ ಬಂದು, ಉತ್ತರಪತ್ರಿಕೆ ತಿದ್ದುವವರ ಹಾಗೆ ಬಗ್ಗಿ ಕಾರಿನ ಕೆಳಗೆ ನೋಡಿದರು.

"ಪರವಾಗಿಲ್ಲ ಶಿವರಾಜ್. ಕಲಿಸಿದರೆ ಕಲಿಯುತ್ತೆ."

"ಸಣ್ಣದೊಂದು ತಾಂತ್ರಿಕ ಸುಧಾರಣೆ ಮೇಡಂ," ಅಂದೆ. ಎದೆ ಎಷ್ಟು ಉಬ್ಬಿತೆಂದರೆ ಶರ್ಟಿನ ಗುಂಡಿ ಹಿಡಿದುಕೊಳ್ಳಬೇಕಾಯಿತು.

ಅಷ್ಟರಲ್ಲಿ ಒಳಗಿನಿಂದ ರಶ್ಮಿಯ ದನಿ ಕೇಳಿಸಿತು. "ಅತ್ತೆ, ಅಡಿಕೆ ಹತ್ತೇ ಇದೆ."

"ಹನ್ನೊಂದು ಕಣಮ್ಮ. ನಾನೇ ಎಣಿಸಿ ಇಟ್ಟಿದ್ದೀನಿ."

"ಎರಡು ಸಲ ಎಣಿಸಿದೆ. ಹತ್ತೇ. ನಿನ್ನೆ ಊಟ ಆದ್ಮೇಲೆ ನೀವು ಎಲೆ ಅಡಿಕೆ ಹಾಕ್ಕೊಂಡ್ರಲ್ಲ, ಕೈತಪ್ಪಿ ಏನಾದ್ರೂ..."

ಒಳಗೆ ತಟ್ಟೆಯನ್ನು ಠಣ್ಣೆಂದು ಕುಕ್ಕಿದ ಸದ್ದಾಯಿತು. ಇಪ್ಪತ್ತು ವರ್ಷದ ಅತ್ತೆ ಸೊಸೆ ಸಂಬಂಧದಲ್ಲಿ ಇಂಥ ಸದ್ದು ನಾನು ಎರಡು ಸಲ ಕೇಳಿದ್ದೇನೆ, ಎರಡು ಸಲವೂ ತಿಂಗಳುಗಟ್ಟಲೆ ನಾನೇ ಇಬ್ಬರ ನಡುವೆ ಅಂಚೆ ಹಂಚಿದ್ದೇನೆ.

"ನನ್ನ ಬಾಯಲ್ಲಿರೋದು ನಾಲ್ಕು ಹಲ್ಲು," ಅಂದರು ಅಮ್ಮ. "ಕುಟ್ಟಿ ಪುಡಿ ಮಾಡಿ ತಿನ್ನೋಳು ನಾನು. ಗೋಟಡಿಕೆ ಕಡಿಯೋಕೆ ನನ್ನ ಬಾಯೇನು ಅಡಕತ್ತರಿನಾ? ಮಗನ ಶಾಸ್ತ್ರದ ಅಡಿಕೆ ಕದ್ದು ತಿಂದಳು ಅಂತ ಈ ವಯಸ್ಸಲ್ಲಿ ಅನ್ನಿಸ್ಕೋಬೇಕಾ?"

"ಕದ್ದಿರಿ ಅಂತ ನಾನೆಲ್ಲಿ ಅಂದೆ ಅತ್ತೆ?"

"ಇನ್ನು ಹೇಗನ್ನಬೇಕು ಮಾರಾಯ್ತಿ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ. ಶಿವರಾಜ, ನೀನು ಹೇಳು. ನಾನು ಕದ್ನಾ?"

ಗಂಡಸಾಗಿ ಹುಟ್ಟಿದ ಮೇಲೆ ಕೆಲವು ಸಂದರ್ಭಗಳಲ್ಲಿ ಧೈರ್ಯ ತೋರಿಸಬೇಕು. ನಾನು ಗಡಿಯಾರ ನೋಡಿ, "ಹೊತ್ತಾಯ್ತು, ಹೊರಡೋಣ," ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮಾತ್ರ ಕೈ ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ದಾರಿಯಲ್ಲಿ ಅಂಗಡಿಯ ಮುಂದೆ ನಿಲ್ಲಿಸಿ ಒಂದು ಗೋಟಡಿಕೆ ಕೊಂಡು ತಟ್ಟೆಗೆ ಸೇರಿಸಿದೆವು. "ಲೆಕ್ಕ ತುಂಬಿತು. ನನ್ನ ಮೇಲೆ ಬಂದ ಮಾತು?" ಅಂದರು ಅಮ್ಮ. ಅವರು ಸೊಸೆಯ ಪಕ್ಕ ಕೂರಲು ಒಪ್ಪದೆ ಮುಂದಿನ ಸೀಟಿನಲ್ಲಿ ಕೂತಿದ್ದರು. ಬಿಳಿ ಬಟ್ಟೆಯ ಚೀಲದಲ್ಲಿದ್ದ ಐದು ಕೆಜಿ ಸಕ್ಕರೆಯನ್ನೂ, ಬೇರೆಯವರ ಕೈಗೆ ಕೊಟ್ಟರೆ ಅದರಲ್ಲೂ ಕಡಿಮೆ ಬಂದೀತು ಅಂತ, ತಮ್ಮ ಕಾಲ ಹತ್ತಿರವೇ ಇಟ್ಟುಕೊಂಡಿದ್ದರು. ಹಿಂದೆ ರಶ್ಮಿ ಕಿಟಕಿಯ ಆಚೆ ನೋಡುತ್ತಿದ್ದಳು. ಪ್ರಸನ್ನ ಹೊಸ ಶರ್ಟು ಸುಕ್ಕಾಗದ ಹಾಗೆ ಉಸಿರು ಹಿಡಿದು ಕೂತಿದ್ದ. ನೆಂಟರೆಲ್ಲ ಟೆಂಪೋದಲ್ಲಿ ಮುಂಚೆಯೇ ಹೊರಟಿದ್ದರು.

ಮಾಚೇನಹಳ್ಳಿ ದಾಟಿ ಒಂದು ಹಂಪ್ ಹಾರಿಸಿದೆ.

"ಶಿವರಾಜ, ಕಾಲು ತಣ್ಣಗಾಗ್ತಿದೆ ಕಣೋ," ಅಂದರು ಅಮ್ಮ.

"ಏಸಿ ಅಮ್ಮ. ಒಳ್ಳೇ ಏಸಿ."

"ಒದ್ದೆ ತಣ್ಣಗೆ."

ಹೊರಗೆ ಹೋಗುವ ದಾರಿ ಮುಚ್ಚಿದರೆ ನೀರು ಒಳಗೆ ಬರುತ್ತದೆ. ಇದು ಐದನೇ ಕ್ಲಾಸಿನ ವಿಜ್ಞಾನ. ಮೂಗು, ನೆಗಡಿ ಅಂತ ಮುರುಗೇಶಪ್ಪ ಹೇಳಿದ್ದೂ ಇದನ್ನೇ ಇರಬೇಕು. ತಟ್ಟನೆ ಏಸಿ ಆರಿಸಿದೆ. ಎರಡು ನಿಮಿಷಕ್ಕೆ ಪ್ರಸನ್ನ, "ಅಣ್ಣಾ, ಏಸಿ ಹಾಕೋ ಮಾರಾಯ. ಹುಡುಗಿ ಮುಂದೆ ಬೆವೆತು ನಿಂತ್ಕೊಳ್ಳೋದಾ?" ಅಂತ ಗೋಗರೆದ. ಒಂಬತ್ತು ಮನೆಯ ಉಪ್ಪಿಟ್ಟು ನೆನಪಾಗಿ ಮತ್ತೆ ಹಾಕಿದೆ. ನ್ಯೂ ಟೌನಿನ ತಿರುವಿನಲ್ಲಿ ಒಂದು ದನ ಅಡ್ಡ ಬಂತು. ಬ್ರೇಕ್ ಒತ್ತಿದೆ. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಒಂದು ಚೊಂಬು ನೀರು ಗಳಗಳ ಅಂತ ಅಮ್ಮನ ಕಾಲ ಮೇಲೆ, ಸಕ್ಕರೆ ಚೀಲದ ಮೇಲೆ ಸುರಿಯಿತು.

"ಅಯ್ಯೋ ಶಿವನೇ!" ಅಂದರು ಅಮ್ಮ. ಕೊಟ್ರಬಸಪ್ಪನವರ ಮನೆ ಬಂದೇ ಬಿಟ್ಟಿತು.

ಗೇಟಿನಲ್ಲಿ ಐವತ್ತು ಜನ ನಿಂತಿದ್ದರು. ಕಾರಿನ ಬಾಗಿಲು ತೆಗೆದೊಡನೆ ಮೊದಲು ನೀರು ಇಳಿಯಿತು, ಆಮೇಲೆ ಅಮ್ಮ ಇಳಿದರು. ರೇಷ್ಮೆ ಸೀರೆ ಮೊಳಕಾಲಿನಿಂದ ಕೆಳಗೆ ತೊಪ್ಪೆಯಾಗಿತ್ತು. ಎಲ್ಲರೂ ನೋಡಿದರು. ಎಲ್ಲರೂ ನೋಡದ ಹಾಗೆ ಬೇರೆ ಕಡೆ ತಿರುಗಿದರು. ಹುಡುಗಿಯ ತಾಯಿ ಬಹಳ ಒಳ್ಳೆಯವರು, ಹತ್ತಿರ ಬಂದು ಅಮ್ಮನ ಕೈ ಹಿಡಿದು ಮೆಲ್ಲಗೆ, "ಬೇಜಾರು ಮಾಡ್ಕೋಬೇಡಿ, ವಯಸ್ಸಾದ ಮೇಲೆ ಎಲ್ಲರಿಗೂ ಆಗೋದೇ. ಬಾತ್‌ರೂಮ್ ಈ ಕಡೆ ಇದೆ, ಬನ್ನಿ," ಅಂದರು.

ಅಮ್ಮ ಕೈ ಬಿಡಿಸಿಕೊಂಡು, ವಾಪಸ್ ಕಾರಿನೊಳಗೆ ಕೂತು, ಬಾಗಿಲು ಹಾಕಿಕೊಂಡರು.

"ಬೆಳಿಗ್ಗೆ ಕಳ್ಳಿ ಅನ್ನಿಸ್ಕೊಂಡೆ. ಈಗ ಇದೊಂದು," ಅಂದರು ಕಿಟಕಿಯಿಂದ. "ಅಡಿಕೆ ತೆಗೆದಿದ್ದು ಯಾರು, ನೀರು ಬಂದಿದ್ದು ಎಲ್ಲಿಂದ, ಎರಡೂ ಗೊತ್ತಾಗ್ಬೇಕು. ಅಲ್ಲಿವರೆಗೂ ಈ ಮನೆ ಮೆಟ್ಟಿಲು ಹತ್ತಲ್ಲ."

ಎರಡೂ ಪ್ರಶ್ನೆಗೆ ಉತ್ತರ ಒಂದೇ. ಅದು ಅವರ ಪಾದದಿಂದ ಗೇಣು ಕೆಳಗೆ ಪೈಪಿನಲ್ಲಿ ಕೂತಿತ್ತು. ಗಂಟೆ ಹನ್ನೊಂದು ಹತ್ತು. ಸಕ್ಕರೆ ಹಾಕಬೇಕಾದವರು ಅಮ್ಮನೇ. ರಶ್ಮಿ ಕರೆದಳು, ಅಮ್ಮ ಮುಖ ತಿರುಗಿಸಿದರು. ಪ್ರಸನ್ನ ಬಾಗಿಲಲ್ಲಿ ನಿಂತ ಹುಡುಗಿಯನ್ನೂ ಕಾರಿನಲ್ಲಿ ಕೂತ ತಾಯಿಯನ್ನೂ ಸರದಿಯ ಮೇಲೆ ನೋಡುತ್ತಿದ್ದ. ಹತ್ತನೇ ಸಂಬಂಧವೂ ತಪ್ಪಿದರೆ ಅದಕ್ಕೆ ಕಾರಣ ನಾನೇ.

ಒಪ್ಪಿಕೊಂಡುಬಿಡಬಹುದಿತ್ತು. ಆದರೆ ನನಗೆ ಇನ್ನೊಂದು ಜ್ಞಾನೋದಯವಾಯಿತು. ಗುಟ್ಟಾಗಿ ಅಡಿಕೆ ಕಿತ್ತು, ಸೀಟಿನ ಕೆಳಗೆ ಸಿಕ್ಕಿತು ಅಂತ ಎತ್ತಿ ತೋರಿಸಿದರೆ ಅಮ್ಮನ ಮಾನ ಉಳಿಯುತ್ತದೆ, ನನ್ನದೂ ಉಳಿಯುತ್ತದೆ. "ಸಣ್ಣ ರಿಪೇರಿ, ಈಗ ಬಂದೆ," ಅಂತ ಬೀಗರಿಗೆ ಹೇಳಿ, ಬಿಳಿ ಪಂಚೆಯಲ್ಲೇ ಕಾರಿನ ಕೆಳಗೆ ನುಸುಳಿದೆ. ರಾತ್ರಿಯೆಲ್ಲ ಪೈಪಿನಲ್ಲಿದ್ದು ಬೆಳಿಗ್ಗೆ ನೀರು ಕುಡಿದ ಅಡಿಕೆ ಊದಿ ಬಿಗಿದುಕೊಂಡಿತ್ತು. ಉಗುರು ಹಾಕಿದೆ, ಜಾರಿತು. ಕೀಲಿ ಹಾಕಿದೆ, ಇನ್ನೂ ಒಳಗೆ ಹೋಯಿತು. ಹೊರಗಿನವರಿಗೆ ಕಾಣುತ್ತಿದ್ದದ್ದು ನನ್ನ ಎರಡು ಕಾಲು ಮಾತ್ರ.

"ಬೀಗರೇ, ನಿಮಗ್ಯಾಕೆ ಆ ಕಷ್ಟ?" ಅಂತ ಕೊಟ್ರಬಸಪ್ಪನವರ ದನಿ. "ನಮ್ಮ ಮುರುಗೇಶಪ್ಪನೂ ಊಟಕ್ಕೆ ಬಂದಿದಾನೆ. ಏಯ್ ಮುರುಗೇಶಪ್ಪಾ!"

ನ್ಯೂ ಟೌನಿನಲ್ಲಿ ಎಲ್ಲರಿಗೂ ಎಲ್ಲರೂ ಪರಿಚಯ ಅನ್ನುವುದು ನನಗೆ ಗೊತ್ತಿರಲಿಲ್ಲ. ಮುರುಗೇಶಪ್ಪ ಬಂದು ಬಗ್ಗಿ, ಎಲೆ ಅಡಿಕೆಯ ಬಾಯಲ್ಲಿ ನಕ್ಕ. "ಏನ್ ಸಾರ್, ನೀರ್ ನಿಂತೋಯ್ತಾ?"

"ಮೆಲ್ಲಗೆ ಮಾತಾಡು ಮಾರಾಯ," ಅಂತ ಪಿಸುಗುಟ್ಟಿದೆ. "ಪೈಪಲ್ಲಿರೋದನ್ನ ತೆಗೆದು ಸುಮ್ನೆ ನನ್ನ ಕೈಗೆ ಕೊಡು."

"ಪೈಪಲ್ಲಾ? ಏನಿದೆ ಸಾರ್ ಪೈಪಲ್ಲಿ?" ಅಂತ ಅವನು ಕೂಗಿದ. ಸುತ್ತಿಗೆ ಸದ್ದಿನ ನಡುವೆ ಬೆಳೆದವನು, ಪಿಸುಮಾತು ಅವನ ಸಿಲಬಸ್ಸಿನಲ್ಲೇ ಇರಲಿಲ್ಲ. ಇಕ್ಕಳ ತರಿಸಿ, ಮಲಗಿ, ಒಂದು ಸಲ ತಿರುವಿ ಎಳೆದ. ಶಿವಮೊಗ್ಗದಿಂದ ಶೇಖರವಾಗಿದ್ದ ಅಷ್ಟೂ ನೀರು ನನ್ನ ಮುಖದ ಮೇಲೆ ಬಿತ್ತು. ಅವನು ಎದ್ದು ಅದನ್ನು ಬಿಸಿಲಿಗೆ ಎತ್ತಿ ಹಿಡಿದ.

"ಅಡಿಕೆ ಸಾರ್! ಗೋಟಡಿಕೆ! ಮೂವತ್ತು ವರ್ಷದಲ್ಲಿ ಪೈಪಲ್ಲಿ ಜಿರಲೆ ನೋಡಿದೀನಿ, ಹಲ್ಲಿ ನೋಡಿದೀನಿ. ಅಡಿಕೆ ಇದೇ ಫಸ್ಟು! ಯಾರೋ ಬೇಕಂತಲೇ ಹೊಡೆದಿದಾರೆ ಸಾರ್!"

ಐವತ್ತು ಜನರ ಕಾಲೂ ಕಾರಿನ ಕಡೆ ತಿರುಗಿದವು. ನಾನು ಕೆಳಗಿನಿಂದಲೇ, "ಇಲಿ... ಇಲಿ ತಂದಿಟ್ಟಿರಬೇಕು," ಅಂದೆ.

"ಇಲಿ ಅಲ್ಲ ಅತ್ತೆ, ಹೆಗ್ಗಣ," ಅಂದಳು ರಶ್ಮಿ. "ಐದಡಿ ಎಂಟಂಗುಲ. ಇನ್ನೂ ಕಾರಿನ ಕೆಳಗೇ ಇದೆ."

ಕಾರಿನ ಬಾಗಿಲು ತೆಗೆದ ಸದ್ದಾಯಿತು. ನನಗೆ ಕಾಣುತ್ತಿದ್ದದ್ದು ಪಾದಗಳಷ್ಟೇ. ಮೊದಲು ಅಮ್ಮನ ಒದ್ದೆ ಪಾದ ಇಳಿದವು. ಅವುಗಳ ಹತ್ತಿರಕ್ಕೆ ರಶ್ಮಿಯ ಪಾದ ಬಂದವು.

"ತಪ್ಪಾಯ್ತು ಅತ್ತೆ. ನಿಮ್ಮನ್ನ ಹಾಗೆ ಅನ್ನಬಾರದಿತ್ತು."

"ನಿನ್ನದೇನು ತಪ್ಪು ಮಾರಾಯ್ತಿ? ನೀನು ಎಣಿಸಿದ್ದು ಸರಿಯಾಗೇ ಇತ್ತು. ಇವನನ್ನ ಹೆತ್ತಿದ್ದು ನಾನು, ತಪ್ಪು ನನ್ನದು."

ನಾಲ್ಕೂ ಪಾದಗಳು ಒಟ್ಟಿಗೆ ಮೆಟ್ಟಿಲು ಹತ್ತಿದವು. ಹನ್ನೊಂದು ಇಪ್ಪತ್ತೈದಕ್ಕೆ, ಹುಡುಗಿಯ ತಾಯಿ ಕೊಟ್ಟ ಒಣ ಸೀರೆ ಉಟ್ಟು, ಚೀಲದ ಮೇಲ್ಭಾಗದಲ್ಲಿ ಒದ್ದೆಯಾಗದೆ ಉಳಿದಿದ್ದ ಸಕ್ಕರೆಯಲ್ಲಿ ಅಮ್ಮ ಶಾಸ್ತ್ರ ಮುಗಿಸಿದರು. ಕೆಳಭಾಗದ ಪಾಕ ನ್ಯೂ ಟೌನಿನ ಇರುವೆಗಳ ಪಾಲಾಯಿತು. ಪ್ರಸನ್ನನ ಸಂಬಂಧ ಗಟ್ಟಿಯಾಯಿತು. ಹೊಸ ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗ ಬಡಿಸುವವರೆಲ್ಲ ನನ್ನ ಎಲೆಯ ಮುಂದೆ ಬಂದಾಗ ಮಾತ್ರ ತುಟಿ ಕಚ್ಚಿಕೊಳ್ಳುತ್ತಿದ್ದರು.

ವಾಪಸ್ ಹೊರಟಾಗ ಪ್ರಸನ್ನ ನೆಂಟರ ಟೆಂಪೋ ಹತ್ತಿದ. ಮುಂದಿನ ಸೀಟು ಒದ್ದೆ ಅಂತ ಅತ್ತೆ ಸೊಸೆ ಹಿಂದೆ ಅಂಟಿಕೊಂಡು ಕೂತರು. ನಾನು ಕಾರು ಸ್ಟಾರ್ಟ್ ಮಾಡಿ, "ನಿಜ ಹೇಳಬೇಕಂದ್ರೆ, ತಾಂತ್ರಿಕವಾಗಿ ನನ್ನ ಯೋಚನೆಯಲ್ಲಿ..." ಅಂತ ಶುರು ಮಾಡಿದೆ.

ಅಮ್ಮ ಸೆರಗಿನ ಗಂಟು ಬಿಚ್ಚಿದರು. ಒಳಗೆ ತೊಳೆದ ಗೋಟಡಿಕೆ ಇತ್ತು. "ತಟ್ಟೆ ಲೆಕ್ಕ ಅಂಗಡಿ ಅಡಿಕೇಲಿ ತುಂಬ್ತು. ಪೈಪಲ್ಲಿದ್ದದ್ದು ಶಾಸ್ತ್ರಕ್ಕೆ ಬರಲ್ಲ. ತವರಿನದು, ಎಸೆಯೋಕೂ ಮನಸ್ಸಿಲ್ಲ. ಬಾಯಿ ತೆಗಿ."

"ಅಮ್ಮ..."

"ತೆಗಿ ಅಂದೆ. ಮನೆ ಮುಟ್ಟೋವರೆಗೂ ಉಗುಳಬಾರದು."

ಇಪ್ಪತ್ತು ಕಿಲೋಮೀಟರು ನಾನು ಅಡಿಕೆ ಬಾಯಲ್ಲಿಟ್ಟುಕೊಂಡು ಕಾರು ಓಡಿಸಿದೆ. ಹಿಂದೆ ಅತ್ತೆ ಸೊಸೆ ನನ್ನ ಬಾಲ್ಯದಿಂದ ಹಿಡಿದು ಇವತ್ತಿನವರೆಗಿನ ಸಾಧನೆಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು ನಕ್ಕರು. ಏಸಿ ಹಾಯಾಗಿತ್ತು. ನೀರು ದಾರಿಯುದ್ದಕ್ಕೂ ಹೊರಗೇ ಬೀಳುತ್ತಿತ್ತು.

ಮನೆಯ ಮುಂದೆ ಸೀತಾಲಕ್ಷ್ಮಿ ಮೇಡಂ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾವು ಬರುವವರೆಗೂ ರಂಗೋಲಿಯನ್ನು ಸ್ಕೂಟರುಗಳಿಂದ, ದನಗಳಿಂದ ಕಾಪಾಡಿದ್ದರಂತೆ. ನಾನು ಕಾರು ನಿಲ್ಲಿಸಿದೆ. ಟಪ್, ಟಪ್ ಅಂತ ಶುರುವಾಯಿತು. ಕಮಲದ ನಡುವೆ ಹಾದು, ಇಳಿದು, ನವಿಲಿನ ಕೊರಳಿಗೆ ಬಂತು.

"ಶಿವರಾಜ್! ಬೆಳಿಗ್ಗೆ ಕಲಿತದ್ದು ಸಂಜೆಗೆ ಮರೆತುಹೋಯ್ತಾ?"

ನಾನು ಬಾಯಿ ತೆಗೆದೆ. ಅಮ್ಮನ ಮುಖ ನೋಡಿ ಮುಚ್ಚಿದೆ.

"ಅವರು ಮಾತಾಡಲ್ಲ ಮೇಡಂ, ಬಿರಡೆ ಹಾಕಿದೆ," ಅಂದಳು ರಶ್ಮಿ. "ಒಳಗೆ ಬನ್ನಿ, ಕಾಫಿ ಕುಡೀತಾ ನಾನು ಹೇಳ್ತೀನಿ."

ಮೂವರೂ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಾಲ್‌ನಿಂದ ನಗು ಕೇಳಿಸಿತು. ಮೇಡಂ ಅಷ್ಟು ಜೋರಾಗಿ ನಗಬಲ್ಲರು ಅಂತ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟ್ಯಾಂಕಿನ ಮನೆಯವರು ಏನಾಯ್ತು ಅಂತ ಕೇಳಿಕೊಂಡು ಬಂದು ಅವರೂ ಒಳಗೆ ಹೋದರು. ನಾನು ಹ್ಯಾಂಡ್‌ಬ್ರೇಕ್ ಬಿಟ್ಟೆ. ಕಾರು ತಾನಾಗಿ ಇಳಿಜಾರಿನಲ್ಲಿ ಇಳಿದು, ಮೇಡಂ ಗೇಟು ದಾಟಿ, ಎರಡು ಮಾರು ಕೆಳಗೆ ಹೋಗಿ ನಿಂತಿತು.